ಹಡಗು ಮುಳುಗಿಸಿದ ಹೊನ್ನೆ

ಆ ಗೋಡೆ ನನಗೆ ಸಿಗಬೇಕಿತ್ತು. ಇದನ್ನು ಮೊದಲಿಗೇ ಹೇಳಿಬಿಡುವುದು ಒಳ್ಳೆಯದು, ಯಾಕೆಂದರೆ ಮುಂದೆ ಬರೆಯುವುದಕ್ಕೆಲ್ಲ ಹೊಟ್ಟೆಕಿಚ್ಚಿನ ವಾಸನೆ ಹೊಡೆಯುತ್ತದೆ. ನಾನು ಬಹಳ ಸಮಾಧಾನದ ಹೆಂಗಸು ಎಂದು ಯಾರೂ ತಪ್ಪು ತಿಳಿಯುವುದು ಬೇಡ.

ಜರ್ಮನಿಯ ಉತ್ತರದ ಅಂಚಿನಲ್ಲಿ, ನದಿ ಸಮುದ್ರ ಸೇರುವ ಒಂದು ಊರಿನಲ್ಲಿ, ನೀರಿನಿಂದ ಎತ್ತಿದ ಹಳೆಯ ಮರವನ್ನು ಒಣಗಿಸಿ ಉಳಿಸುವುದು ನನ್ನ ಕೆಲಸ. ಧಾರವಾಡದ ನನ್ನ ಅತ್ತೆಗೆ ಇದನ್ನು ವಿವರಿಸಿದಾಗ, ಕಟ್ಟಿಗೆ ಒಣಗಿಸಲು ಅಷ್ಟು ದೂರ ಹೋಗಬೇಕಿತ್ತೇ ಎಂದು ಕೇಳಿದ್ದರು. ಹೋಗಬೇಕಿತ್ತು. ನೂರು ವರ್ಷಕ್ಕೂ ಮಿಕ್ಕಿ ಕೆಸರಿನಲ್ಲಿ ಮಲಗಿದ್ದ ಮರವನ್ನು ಬಿಸಿಲಿಗಿಟ್ಟರೆ ಅದು ಒಣಗುವುದಿಲ್ಲ. ಮುದುಡಿ, ತಿರುಚಿ, ಸೀಳಿ ಒಲೆಗೂ ಬಾರದಂತಾಗುತ್ತದೆ. ಒಳಗೆ ತುಂಬಿಕೊಂಡ ನೀರೇ ಅದನ್ನು ಹಿಡಿದು ನಿಲ್ಲಿಸಿರುತ್ತದೆ. ಆ ನೀರನ್ನು ಮೆಲ್ಲಗೆ ತೆಗೆಯುತ್ತ, ಅದರ ಜಾಗಕ್ಕೆ ಮೇಣದಂಥ ಒಂದು ವಸ್ತುವನ್ನು ತುಂಬಬೇಕು. ಔಷಧಿ ಅಂಗಡಿಯ ಮುಲಾಮುಗಳಲ್ಲೂ ಇರುವ ವಸ್ತು ಅದು. ನಾವು ಪೆಗ್ ಎನ್ನುತ್ತೇವೆ. ತುಂಬಿದ ಮೇಲೆ ಮರವನ್ನು ಹೆಪ್ಪುಗಟ್ಟಿಸಿ, ಉಳಿದ ನೀರನ್ನು ಮಂಜುಗಡ್ಡೆಯಿಂದ ನೇರ ಆವಿ ಮಾಡಿ ಎಳೆದುಬಿಡುತ್ತೇವೆ. ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಗಟ್ಟಲೆ ಹಿಡಿಯುವ ಕೆಲಸ.

ಈ ಹಡಗು ಸಿಕ್ಕಿದ್ದು ನದಿಯ ಬಾಯಲ್ಲಿ. ದೊಡ್ಡ ಕಂಟೇನರ್ ಹಡಗುಗಳ ದಾರಿಗಾಗಿ ಹೂಳೆತ್ತುತ್ತಿದ್ದ ಯಂತ್ರಕ್ಕೆ ಓಕ್ ತೊಲೆಯೊಂದು ಸಿಕ್ಕಿಕೊಂಡಿತು. ಮುಳುಗುಗಾರರು ಇಳಿದು ನೋಡಿದರೆ ಮರಳುದಿಬ್ಬದ ಮಗ್ಗುಲಲ್ಲಿ ಒಂದು ಹಾಯಿಹಡಗಿನ ಅರ್ಧ ಮೈ ಬಿದ್ದಿತ್ತು. ಮೂರು ಕಂಬದ್ದು, ಸರಕು ಸಾಗಿಸುತ್ತಿದ್ದದ್ದು, ಹತ್ತೊಂಬತ್ತನೇ ಶತಮಾನದ್ದು. ಕಟ್ಟಿದ ಕ್ರಮ ನೋಡಿದರೆ ಇದೇ ನದಿಯ ದಡದಲ್ಲಿ ಹುಟ್ಟಿದ್ದು. ಹೆಸರಿನ ಹಲಗೆ ಸಿಗಲಿಲ್ಲವಾದ್ದರಿಂದ ಕಚೇರಿಗೆ ಅದೊಂದು ಸಂಖ್ಯೆ ಮಾತ್ರ. ನಾನು ಮನಸ್ಸಿನಲ್ಲೇ ಮುದುಕಿ ಎಂದು ಕರೆಯುತ್ತಿದ್ದೆ. ಲೋಕವೆಲ್ಲ ಸುತ್ತಿ ಬಂದು ಮನೆಯ ಹೊಸ್ತಿಲಲ್ಲಿ ಬಿದ್ದು ಹೋದ ಮುದುಕಿ.

ಹೆಸರಿಲ್ಲದ ಹಡಗಿನ ಬದುಕನ್ನು ಅದರ ತೇಪೆಗಳಿಂದ ಓದಬೇಕು. ಮರದ ಹಡಗು ಹುಟ್ಟಿದ ಮೈಯಲ್ಲೇ ಸಾಯುವುದಿಲ್ಲ. ಹೋದ ಬಂದರುಗಳಲ್ಲಿ ಕೆಟ್ಟ ಹಲಗೆ ಕೀಳಿಸಿ, ಅಲ್ಲಿ ಸಿಗುವ ಮರ ಹಾಕಿಸಿಕೊಂಡು ಮುಂದೆ ಹೋಗುತ್ತದೆ. ಮುದುಕಿಯ ಬೆನ್ನೆಲುಬು, ಪಕ್ಕೆಲುಬು ಎಲ್ಲ ಇಲ್ಲಿನ ಓಕ್. ಮೇಲಿನ ಅಟ್ಟದ ಹಲಗೆಗಳು ಬಾಲ್ಟಿಕ್ ಕಡೆಯ ಪೈನ್. ಎಡಮಗ್ಗುಲಲ್ಲಿ ಅಮೆರಿಕದ ದಕ್ಷಿಣದ ಅಂಟು ಪೈನ್. ಹತ್ತಿಯೋ ತಂಬಾಕೋ ತುಂಬಿಕೊಳ್ಳಲು ಹೋದಾಗ ಹಾಕಿಸಿಕೊಂಡದ್ದಿರಬೇಕು. ಬಲಮಗ್ಗುಲ ಕೆಳಗೆ, ಸದಾ ನೀರಿನೊಳಗಿರುವ ಜಾಗದಲ್ಲಿ, ಒಂದು ಉದ್ದನೆಯ ಹಲಗೆ ಮಾತ್ರ ನಮ್ಮಲ್ಲಿ ಯಾರಿಗೂ ಗುರುತು ಸಿಗದ ಮರದ್ದು. ಕೆಂಪು ಛಾಯೆ, ಒಂದಕ್ಕೊಂದು ಹೆಣೆದುಕೊಂಡ ಎಳೆ. ಎತ್ತಿ ತಂದಾಗ ಅದರ ಹಿಂದೆ ಮುರಿದ ಎರಡು ಓಕ್ ಪಕ್ಕೆಲುಬುಗಳ ತುಂಡುಗಳು ಇನ್ನೂ ಅಂಟಿಕೊಂಡಿದ್ದವು. ಆ ಹಲಗೆಯ ಕೆಸರನ್ನು ಮೃದುವಾದ ಕುಂಚದಿಂದ ತೆಗೆದವಳು ನಾನು. ಒಂದು ವಸಂತದಿಂದ ಎಲೆ ಉದುರುವ ತನಕ ಅದೇ ಕೆಲಸ ಮಾಡಿದ್ದೇನೆ.

ವಸ್ತುಸಂಗ್ರಹಾಲಯದಲ್ಲಿ ಈ ಹಡಗಿಗಾಗಿ ಹೊಸ ಸಭಾಂಗಣ ಸಿದ್ಧವಾಗುತ್ತಿತ್ತು. ಒಂದೊಂದು ಗೋಡೆಯ ಮೇಲೆ ಅದರ ಬದುಕಿನ ಒಂದೊಂದು ಭಾಗ, ಕೆಳಗೆ ಬರೆದವರ ಹೆಸರು. ಕೊನೆಯ ಗೋಡೆ, ಹಡಗು ಮುಳುಗಿದ್ದು ಹೇಗೆ ಎಂಬುದು. ಅದನ್ನು ನೀನೇ ಬರೆ, ಈ ಮರ ನಿನಗೆ ಗೊತ್ತಿರುವಷ್ಟು ಬೇರೆ ಯಾರಿಗೂ ಗೊತ್ತಿಲ್ಲ ಎಂದು ನಮ್ಮ ಮುಖ್ಯಸ್ಥೆ ಹೇಳಿದ್ದರು. ಅಷ್ಟು ವರ್ಷಗಳ ಕೆಲಸದಲ್ಲಿ ನನ್ನ ಹೆಸರು ಎಲ್ಲೂ ಬಂದಿರಲಿಲ್ಲ. ಗಾಜಿನ ಪೆಟ್ಟಿಗೆಯ ಮೇಲೆ ವಸ್ತುವನ್ನು ಕಂಡುಹಿಡಿದವರ ಹೆಸರಿರುತ್ತದೆ, ದಾನ ಕೊಟ್ಟವರ ಹೆಸರಿರುತ್ತದೆ, ಅದರ ಬಗ್ಗೆ ಬರೆದ ಪಂಡಿತರ ಹೆಸರಿರುತ್ತದೆ. ಮರ ಚೆನ್ನಾಗಿ ಉಳಿದರೆ ನಮ್ಮ ಕೆಲಸ ಕಾಣಿಸುವುದೇ ಇಲ್ಲ. ಒಡೆದರೆ ಮಾತ್ರ ಇದನ್ನು ಯಾರು ಮಾಡಿದ್ದು ಎಂದು ಕೇಳುತ್ತಾರೆ. ಹಾಗಾಗಿ ಆ ಗೋಡೆಯ ಮೇಲೆ ನನಗೆ ಬಹಳ ಆಸೆಯಿತ್ತು.

ಆಮೇಲೆ ಡ್ರೆಸ್ಡೆನ್ನಿನವರು ಬಂದರು.

ಸೂಕ್ಷ್ಮದರ್ಶಕದಲ್ಲಿ ಮರದ ಜಾತಿ ಗುರುತಿಸುವ ವಿಜ್ಞಾನಿ, ಡ್ರೆಸ್ಡೆನ್‌ನ ಪ್ರಯೋಗಾಲಯದಲ್ಲಿದ್ದರು. ಗಂಡಸು, ನನಗಿಂತ ಚಿಕ್ಕವರು. ಉಡುಪಿ ಕಡೆಯವರು. "ನಿಮ್ಮ ಊರಿನವರೇ" ಎಂದು ಮುಖ್ಯಸ್ಥೆ ಸಂಭ್ರಮದಿಂದ ಹೇಳಿದರು, ನಾವಿಬ್ಬರೂ ಒಂದೇ ಬೀದಿಯಲ್ಲಿ ಆಡಿ ಬೆಳೆದವರು ಎಂಬಂತೆ. ಮರಗಳನ್ನು ಕಣ್ಣಾರೆ ನೋಡಲು ಅವರು ರೈಲಿನಲ್ಲಿ ಬಂದ ದಿನವೇ ನನ್ನನ್ನು ಅಕ್ಕ ಎಂದರು. ಯಾವ ಲೆಕ್ಕದಲ್ಲಿ ಎಂದು ಕೇಳಬೇಕೆನ್ನಿಸಿತು. ಸಂಜೆಯೊಳಗೆ ಅವರಿಗೆ ನಮ್ಮ ಬಡಗಿಯ ಮಗಳ ಹೆಸರು ಗೊತ್ತಿತ್ತು, ಕಾಫಿ ಯಂತ್ರದ ಯಾವ ಗುಂಡಿ ಕೆಟ್ಟಿದೆ ಎಂಬುದೂ ಗೊತ್ತಿತ್ತು. ಅವರ ಜರ್ಮನ್ನಿನಲ್ಲಿ ಡ್ರೆಸ್ಡೆನ್ ಕಡೆಯ ಎಳೆತವಿದೆ. ಬಾಯಿ ತೆರೆದರೆ ಸಾಕು, ಎಲ್ಲರೂ ಪ್ರೀತಿಯಿಂದ ನಗುತ್ತಾರೆ. ನನ್ನ ಜರ್ಮನ್ನಿನಲ್ಲಿ ವ್ಯಾಕರಣದ ಒಂದು ತಪ್ಪೂ ಇರುವುದಿಲ್ಲ, ಯಾರೂ ನಗುವುದಿಲ್ಲ.

ಮುಂದಿನ ವಾರ ಮುಖ್ಯಸ್ಥೆ ಮೊಗಸಾಲೆಯಲ್ಲಿ ನನ್ನನ್ನು ನಿಲ್ಲಿಸಿ ಹೆಗಲ ಮೇಲೆ ಕೈಯಿಟ್ಟರು. ಕೊನೆಯ ಗೋಡೆಯನ್ನು ಡ್ರೆಸ್ಡೆನ್ನಿನವರಿಗೆ ಕೊಡೋಣ, ಅವರು ಕಥೆ ಎಷ್ಟು ಚೆಂದ ಹೇಳುತ್ತಾರೆ ನೋಡು, ಭಾರತದ ದನಿಯೊಂದು ಕೊನೆಯನ್ನು ಹೇಳಿದರೆ ಸೊಗಸಲ್ಲವೇ ಎಂದರು. ನನ್ನದು ಯಾವ ದೇಶದ ದನಿ ಎಂದು ಕೇಳಲಿಲ್ಲ. "ಶ್ಯೋನ್" ಎಂದೆ. ಚೆಂದ ಎಂದರ್ಥ. ಸುಳ್ಳು ಹೇಳಲು ಬಹಳ ಅನುಕೂಲದ ಪದ.

ನನ್ನ ಗಂಡ ಸಿಂಡೆಲ್‌ಫಿಂಗೆನ್‌ನ ಕಾರು ಕಾರ್ಖಾನೆಯಲ್ಲಿ ಎಂಜಿನಿಯರ್. ದೇಶದ ಒಂದು ತುದಿಯಲ್ಲಿ ಅವರು, ಇನ್ನೊಂದು ತುದಿಯಲ್ಲಿ ನಾನು. ವಾರದ ಕೊನೆಗೆ ಯಾರಾದರೊಬ್ಬರು ರೈಲು ಹತ್ತುತ್ತೇವೆ. ಆ ಶನಿವಾರ ಅವರೆದುರು ಎಲ್ಲವನ್ನೂ ಹೇಳಿದೆ. ನ್ಯಾಯ, ಅನುಭವ, ಕೊಟ್ಟ ಮಾತು ಎಂದೆಲ್ಲ ದೊಡ್ಡ ಮಾತಾಡಿದೆ.

"ನಿನಗ ಹೊಟ್ಟಿ ಉರೀಲಿಕತ್ತದ, ಅಷ್ಟ. ಬ್ಯಾರೆ ಏನಿಲ್ಲ" ಎಂದರು.

"ಹೌದು, ಉರೀಲಿಕತ್ತದ. ಏನ್ ಮಾಡ್ಲಿ?"

ಅವರು ಸಾರು ಬಿಸಿ ಮಾಡಲು ಎದ್ದು ಹೋದರು.

ಆ ಹೊತ್ತಿಗೆ ಡ್ರೆಸ್ಡೆನ್‌ಗೆ ಮರದ ಚೂರುಗಳು ಹೋಗಿದ್ದವು. ಮುದುಕಿಯ ಒಂದೊಂದು ಹಲಗೆಯಿಂದಲೂ ಸಕ್ಕರೆ ಅಚ್ಚಿನಷ್ಟು ತುಂಡು ಕತ್ತರಿಸಿ ಕಳಿಸಿದ್ದೆ. ಅದರಿಂದ ತೆಳ್ಳನೆಯ ಪದರ ಕೊಯ್ದು ಬೆಳಕಿಗೆ ಹಿಡಿದು ನೋಡಿ ಜಾತಿ ಹೇಳುವುದು ಅವರ ಕೆಲಸ. ಇಲ್ಲಿ ದೊಡ್ಡ ತೊಟ್ಟಿ ಖಾಲಿಯಾಗಿತ್ತು, ಕೆಂಪು ಹಲಗೆಯನ್ನು ಬೇಗ ಇಳಿಸಬೇಕೆಂದು ಮುಖ್ಯಸ್ಥೆಗೆ ಅವಸರ. ಜಾತಿ ಗೊತ್ತಾಗದೆ ಇಳಿಸುವಂತಿಲ್ಲ. ಒಂದು ಮಧ್ಯಾಹ್ನ ಡ್ರೆಸ್ಡೆನ್ನಿನವರೇ ನನ್ನ ಮೊಬೈಲಿಗೆ ಫೋನ್ ಮಾಡಿದರು.

"ಅಕ್ಕ, ನಿಮ್ಮ ಹಲಗೆ ಯಾವುದು ಗೊತ್ತುಂಟಾ? ಹೊನ್ನೆ! ನಮ್ಮ ಹೊನ್ನೆ ಮಾರಾಯ್ರೆ. ವರದಿ ಎಲ್ಲ ಆದ ಮೇಲೆ ಒಟ್ಟಿಗೆ ಕಳಿಸ್ತೇನೆ."

ಈ ಕೆಲಸದಲ್ಲಿ ಒಂದು ನಿಯಮವಿದೆ. ಲ್ಯಾಟಿನ್ ಹೆಸರು ಹೇಳುವ ತನಕ ಮರಕ್ಕೆ ಹೆಸರೇ ಇಲ್ಲ. ನಾನು ಅದನ್ನು ಕೇಳಬೇಕಿತ್ತು. ಆದರೆ ಹೊನ್ನೆ ಎಂದರೆ ಯಾವುದು ಎಂದು ಈ ಮನುಷ್ಯನನ್ನು ಕೇಳುವುದೇ? ನಮ್ಮ ಅಜ್ಜನ ಮನೆಯ ಬಾಗಿಲುಗಳು ಹೊನ್ನೆಯವು. ನಮ್ಮ ಅತ್ತೆ ಸಕ್ಕರೆ ಕಾಯಿಲೆಗೆಂದು ದಿನಾ ಬೆಳಿಗ್ಗೆ ನೀರು ಕುಡಿಯುವುದು ಹೊನ್ನೆಯ ಲೋಟದಲ್ಲಿ. "ಗೊತ್ತದರೀ, ಹೊನ್ನಿ. ನಮ್ಮ ದಾಂಡೇಲಿ ಅಡವ್ಯಾಗ ಬೇಕಾದಷ್ಟು ಅದ" ಎಂದೆ, ಸ್ವಲ್ಪ ಬಿಗುಮಾನದಿಂದಲೇ. ಹೌದಾ, ಅಷ್ಟು ಒಳನಾಡಿನಲ್ಲೂ ಉಂಟಾ ಎಂದು ಅವರು ಆಶ್ಚರ್ಯಪಟ್ಟರು. ಕಡಲ ಬದಿಯವರಿಗೆ ಘಟ್ಟದ ಮೇಲಿನದು ಏನು ಗೊತ್ತಿರುತ್ತದೆ ಎಂದುಕೊಂಡು ಫೋನಿಟ್ಟೆ. ಅಂದು ಬಹಳ ದಿನಗಳ ಮೇಲೆ ಖುಷಿಯಾಗಿ ಚಹಾ ಕುಡಿದೆ.

ಜಾತಿ ಯಾಕೆ ಬೇಕು ಎಂದರೆ, ಮರ ಎಷ್ಟು ಕೊಳೆತಿದೆ ಎಂಬ ಲೆಕ್ಕಕ್ಕೆ. ಆ ಜಾತಿಯ ತಾಜಾ ಮರ ಎಷ್ಟು ಗಟ್ಟಿ, ಎಷ್ಟು ತೂಕ ಎಂಬುದು ನಮಗೆ ಗೊತ್ತಿರುತ್ತದೆ. ಕೆಸರಿನಿಂದ ಬಂದ ತುಂಡಿನಲ್ಲಿ ನೀರು ಬಿಟ್ಟು ಉಳಿದ ಮರ ಎಷ್ಟು ಎಂದು ಅಳೆಯುತ್ತೇವೆ. ಎರಡನ್ನೂ ಹೋಲಿಸಿದರೆ ಎಷ್ಟು ಹೋಗಿದೆ, ಎಷ್ಟು ಉಳಿದಿದೆ ಎಂದು ತಿಳಿಯುತ್ತದೆ. ಬಹಳ ಹೋಗಿದ್ದರೆ ದಪ್ಪ ಪೆಗ್, ಅಂದರೆ ದೊಡ್ಡ ದೊಡ್ಡ ಅಣುಗಳದ್ದು. ಟೊಳ್ಳಾದ ಮರದೊಳಗೆ ಅದು ಊರುಗೋಲಿನ ಹಾಗೆ ನಿಲ್ಲುತ್ತದೆ. ಮರ ಗಟ್ಟಿಯಿದ್ದರೆ ತೆಳು ಪೆಗ್, ಯಾಕೆಂದರೆ ದಪ್ಪನೆಯದು ಗಟ್ಟಿ ಮರದೊಳಗೆ ನುಗ್ಗಲಾರದು. ನಾನು ಹೊನ್ನೆಯ ತೂಕ ಹಿಡಿದು ಲೆಕ್ಕ ಹಾಕಿದೆ. ಹಲಗೆಯಲ್ಲಿ ಹೆಚ್ಚುಕಡಿಮೆ ಅರ್ಧ ಮರವೇ ಇರಲಿಲ್ಲ. ಸೂಜಿ ಚುಚ್ಚಿ ನೋಡಿದೆ, ಮೇಲ್ಪದರದಲ್ಲಿ ಸಲೀಸಾಗಿ ಇಳಿಯಿತು. ಲೆಕ್ಕಕ್ಕೂ ಸೂಜಿಗೂ ತಾಳೆಯಾಯಿತು ಎಂದು ದಪ್ಪ ಪೆಗ್ ಎಂದು ತೀರ್ಮಾನಿಸಿದೆ.

ಗೋಡೆಯ ಬರಹಕ್ಕಾಗಿ ಹಲಗೆಯ ಸ್ಥಿತಿ ಹೇಗಿದೆ ಎಂದು ಡ್ರೆಸ್ಡೆನ್ನಿನವರು ಕೇಳಿದರು. ಅರ್ಧಕ್ಕರ್ಧ ತಿಂದುಹೋಗಿದೆ ಎಂದೆ. ಪಕ್ಕದ ಓಕ್ ಹಲಗೆಗಳು ಹೇಗಿವೆ ಎಂದರು. ಅವು ಇಷ್ಟು ಹೋಗಿಲ್ಲ ಎಂದೆ. ಒಂದೇ ಕೆಸರಿನಲ್ಲಿ ಒಂದೇ ಕಾಲ ಮಲಗಿದ ಹಲಗೆಗಳಲ್ಲಿ ಇದೊಂದೇ ಹೀಗಾಗಿದ್ದರೆ, ಮುಳುಗುವ ಮೊದಲೇ ಕೊಳೆತಿತ್ತು ಎಂದೇ ಅರ್ಥ ಎಂದರು. ಹಡಗು ಮುಳುಗಿದ ಕಾರಣ ಸಿಕ್ಕಿಬಿಟ್ಟಿತು. ನನ್ನ ಹಲಗೆ, ನನ್ನ ಲೆಕ್ಕ, ನಾನೇ ಕೈಯಾರೆ ಎತ್ತಿ ಕೊಟ್ಟಿದ್ದೆ.

ಸಭಾಂಗಣ ತೆರೆಯುವ ಮೊದಲೇ, ಸಂಗ್ರಹಾಲಯದ ಹಿತೈಷಿಗಳ ಎದುರು ಅವರ ಉಪನ್ಯಾಸ ಏರ್ಪಾಟಾಯಿತು. ಕೇಕು, ಕಾಫಿ, ಮುಂದಿನ ಸಾಲುಗಳಲ್ಲಿ ಊರಿನ ಹಿರಿಯರು. ನಾನು ಹಿಂದೆ ಗೋಡೆಗೆ ಒರಗಿ ಕೂತೆ. ಹೊಟ್ಟೆಕಿಚ್ಚಿದ್ದರೂ ಇದನ್ನು ಒಪ್ಪಬೇಕು, ಅವರು ಅದ್ಭುತವಾಗಿ ಹೇಳಿದರು. ಮುದುಕಿ ಭಾರತದ ಪಡುವಣ ಕರಾವಳಿಯ ಯಾವುದೋ ಬಂದರು ಮುಟ್ಟಿದ್ದು, ಬಲಮಗ್ಗುಲು ಸೋರುತ್ತಿದ್ದದ್ದು, ಆತುರದ ನಾಯಕ ಸಿಕ್ಕ ಮರವನ್ನು ಹಾಕಿಸಿಕೊಂಡು ಹೊರಟದ್ದು. ಅಷ್ಟು ದೂರದ ಸಮುದ್ರ ದಾಟಿ, ತನ್ನೂರಿನ ದೀಪಸ್ತಂಭ ಕಾಣುವಾಗ ಗಾಳಿಗೆ ಸಿಕ್ಕಿ ಮರಳುದಿಬ್ಬಕ್ಕೆ ಬಡಿದದ್ದು, ಒಳಗೊಳಗೇ ಕೊಳೆತಿದ್ದ ಆ ಹಲಗೆ ಬಾಯಿ ಬಿಟ್ಟದ್ದು. "ನನ್ನ ಮಾತೃಭಾಷೆಯಲ್ಲಿ ಈ ಮರಕ್ಕೆ ಹೊನ್ನೆ ಎನ್ನುತ್ತಾರೆ" ಎಂದು ಹೇಳಿ ಸಭೆಯ ಬಾಯಲ್ಲೂ ಅದನ್ನು ಹೇಳಿಸಿದರು. ಬಿಳಿಗೂದಲಿನ ಜರ್ಮನ್ನರೆಲ್ಲ ಒಟ್ಟಿಗೆ ಹೊನ್ನೆ ಎಂದರು. ಅಷ್ಟು ವರ್ಷ ಇಲ್ಲಿದ್ದು ಅವರ ಬಾಯಲ್ಲಿ ನಾನು ಒಂದು ಕನ್ನಡ ಪದ ಹೇಳಿಸಿರಲಿಲ್ಲ. ಊರಿನ ಪತ್ರಿಕೆಯಲ್ಲಿ, ಹಡಗು ಮುಳುಗಿಸಿದ ಭಾರತೀಯ ಹಲಗೆ ಎಂದು ಬಂತು. ಪಕ್ಕದಲ್ಲಿ ಅವರ ನಗುಮುಖದ ಚಿತ್ರ, ಹಿನ್ನೆಲೆಯಲ್ಲಿ ನನ್ನ ತೊಟ್ಟಿ.

ಅವರ ಮಾತಿನಲ್ಲಿ ತಪ್ಪು ಸಿಗಲಿ ಎಂದು ನಾನು ಆಸೆಪಟ್ಟಿದ್ದು ಅಂದಿನಿಂದ. ಕೆಲಸ ಮಾಡುವಾಗ, ಬಟ್ಟೆ ಒಗೆಯುವಾಗ, ಬಸ್ಸಿಗೆ ಕಾಯುವಾಗ ಅದನ್ನೇ ಕೆದಕುತ್ತಿದ್ದೆ. ಹಾಗೆ ಕೆದಕುವಾಗ ಒಂದು ವಿಷಯ ಚುಚ್ಚತೊಡಗಿತು. ಹೊನ್ನೆ ಹೀಗೆ ಕೊಳೆಯುವ ಮರವಲ್ಲ. ಅಜ್ಜನ ಮನೆಯ ಬಾಗಿಲು ಎಷ್ಟು ಮಳೆಗಾಲ ಕಂಡಿದೆ, ಒಂದು ಗೆದ್ದಲು ಹತ್ತಿಲ್ಲ. ಬಂದರಿನಿಂದ ಮನೆಗೆ ಬರುವಷ್ಟರಲ್ಲಿ ಅದು ಅರ್ಧ ಕರಗಿತು ಎಂದರೆ ನಂಬುವುದು ಹೇಗೆ? ಆದರೆ ಅರ್ಧ ಕರಗಿದೆ ಎಂದವಳೂ ನಾನೇ.

ಇಡೀ ಹಲಗೆ ತೊಟ್ಟಿಗೆ ಇಳಿಯುವ ಮೊದಲು ಅದೇ ಮರದ ಮುರಿದ ತುದಿಯ ಚಿಕ್ಕ ತುಂಡೊಂದನ್ನು ಎಲ್ಲ ಹಂತಗಳಲ್ಲೂ ದಾಟಿಸಿ ನೋಡುವುದು ನಮ್ಮ ಕಾರ್ಯಾಗಾರದ ಪದ್ಧತಿ. ಆ ತುಂಡು ಹಲವು ವಾರಗಳ ಹಿಂದೆಯೇ ದಪ್ಪ ಪೆಗ್‌ಗೆ ಇಳಿದಿತ್ತು. ದೊಡ್ಡ ತೊಟ್ಟಿಯಲ್ಲಿ ಪೆಗ್ ಬಿಸಿಯಾಗುತ್ತಿತ್ತು, ಮರುದಿನ ಹಲಗೆ ಇಳಿಯಬೇಕಿತ್ತು. ಅದರ ಹಿಂದಿನ ಬೆಳಿಗ್ಗೆ ತುಂಡನ್ನು ಒಣಗಿಸುವ ಯಂತ್ರದಿಂದ ತೆಗೆದೆ. ಅಡ್ಡಕ್ಕೆ ಬಿರುಕು ಬಿಟ್ಟಿತ್ತು. ಮಗ್ಗುಲುಗಳು ಒಳಕ್ಕೆ ಜಗ್ಗಿದ್ದವು. ಗರಗಸದಿಂದ ನಡುವೆ ಕೊಯ್ದೆ. ಮೇಲಿನ ತೆಳು ಪದರ ಮೇಣ ಕುಡಿದು ಮೆತ್ತಗಿತ್ತು. ಒಳಗೆ ಮುಟ್ಟುತ್ತಲೇ ಗರಗಸ ಕಿರುಚಿತು. ಗಟ್ಟಿ ಮರ. ಪೆಗ್ಗಿನ ಒಂದು ಹನಿಯೂ ಅಲ್ಲಿಗೆ ಹೋಗಿರಲಿಲ್ಲ.

ಮೊದಲು ಆದದ್ದು ಸಂತೋಷ. ಹಲಗೆ ಗಟ್ಟಿಯಿದೆ, ಅಂದರೆ ಅವರ ಕಥೆ ಬಿತ್ತು, ಗೋಡೆ ಬಿತ್ತು. ಆ ತುಂಡನ್ನು ಕೈಯಲ್ಲಿ ಹಿಡಿದು ಕಾರ್ಯಾಗಾರದಲ್ಲಿ ಒಬ್ಬಳೇ ನಕ್ಕೆ. ಆಮೇಲೆ ದೊಡ್ಡ ತೊಟ್ಟಿಯ ಕಡೆ ನೋಡಿದೆ. ನಾಳೆ ಇಳಿಸಿದ್ದರೆ ಮುದುಕಿಯ ಆ ಹಲಗೆ ಉದ್ದಕ್ಕೂ ಹೀಗೇ ಸೀಳಿಹೋಗುತ್ತಿತ್ತು, ಸೀಳಿದವಳು ನಾನಾಗಿರುತ್ತಿದ್ದೆ. ಮುಖ್ಯಸ್ಥೆಯ ಅನುಮತಿಯಿಲ್ಲದೆ ತೊಟ್ಟಿ ನಿಲ್ಲಿಸುವಂತಿಲ್ಲ. ಅವರು ಹ್ಯಾಂಬರ್ಗ್‌ನಲ್ಲಿ ಸಭೆಯಲ್ಲಿದ್ದರು. ನಾನೇ ಹೋಗಿ ತೊಟ್ಟಿ ಬಿಸಿ ಮಾಡುವ ಯಂತ್ರ ಆರಿಸಿದೆ, ಹಲಗೆ ಎತ್ತಲು ಬರಬೇಕಿದ್ದ ಕ್ರೇನಿನವರಿಗೆ ಬೇಡವೆಂದು ಹೇಳಿದೆ. ಆಮೇಲೆ ಡ್ರೆಸ್ಡೆನ್‌ಗೆ ಫೋನ್ ಮಾಡಿದೆ.

"ನೀವು ಹೇಳಿದ್ದು ಹೊನ್ನಿ ಹೌದಲ್ರೀ?"

"ಹೌದು ಅಕ್ಕ, ಸಂಶಯವೇ ಇಲ್ಲ."

"ಲೆಕ್ಕ ಕೂಡವಲ್ದರೀ. ಕೊಯ್ದ್ರ ಒಳಗ ಗಟ್ಟಿ ಅದ, ತೂಗಿದ್ರ ಅರ್ಧ ಬರ್ತದ."

ತಾಜಾ ಮರದ ತೂಕ ಎಷ್ಟು ಹಿಡಿದಿದ್ದೀರಿ ಎಂದು ಕೇಳಿದರು. ಹೇಳಿದೆ.

"ಅಷ್ಟೆಲ್ಲ ಎಲ್ಲಿ ಅಕ್ಕ? ಹೊನ್ನೆ ಅಷ್ಟು ಭಾರ ಇಲ್ಲ. ನಮ್ಮಲ್ಲಿ ದೋಣಿಗೆ ಹಾಕ್ತಾರೆ. ಕಡಲ ಬದಿಯಲ್ಲೇ ಬೆಳೀತದೆ, ಕಾಯಿಂದ ದೀಪಕ್ಕೆ ಎಣ್ಣೆ ತೆಗೀತಾರಲ್ಲ, ಅದು."

"ಎಣ್ಣಿ? ಹೊನ್ನಿಯಿಂದ ಎಣ್ಣಿ ಎಲ್ಲಿ ಬರ್ತದರೀ? ಹೊನ್ನಿಯಿಂದ ಲೋಟ ಮಾಡ್ತಾರ. ಸಕ್ಕರಿ ಬ್ಯಾನಿ ಇದ್ದವರು ನೀರು ಕುಡೀತಾರಲ್ಲ, ಆ ಲೋಟ."

ಆ ಕಡೆ ಕುರ್ಚಿ ಸರಿದ ಸದ್ದು ಕೇಳಿತು.

"ಅಕ್ಕ, ನೀವು ಟೆರೋಕಾರ್ಪಸ್ ಅಂದ್ಕೊಂಡ್ರಾ?"

"ಮತ್ತ ನಿಮ್ದು ಯಾವ್ದು?"

"ಕ್ಯಾಲೊಫಿಲ್ಲಮ್."

ಎರಡಕ್ಕೂ ಯಾವ ಸಂಬಂಧವೂ ಇಲ್ಲ. ಕುಲ ಬೇರೆ, ಎಲೆ ಬೇರೆ, ತೂಕ ಬೇರೆ. ಘಟ್ಟದ ಮೇಲೆ ನಾವು ಹೊನ್ನೆ ಎನ್ನುವುದು ಅಡವಿಯ ಭಾರವಾದ ಮರ. ಕರಾವಳಿಯಲ್ಲಿ ಅವರು ಹೊನ್ನೆ ಎನ್ನುವುದು ಸಮುದ್ರದ ದಂಡೆಯ ಬೇರೆಯೇ ಮರ. ಪುಸ್ತಕದವರು ಅದನ್ನು ಸುರಹೊನ್ನೆ ಎನ್ನುತ್ತಾರೆ. ಇಬ್ಬರು ಧಾರವಾಡದವರು ಮಾತಾಡಿಕೊಂಡಿದ್ದರೆ ಈ ತಪ್ಪಾಗುತ್ತಿರಲಿಲ್ಲ, ಇಬ್ಬರು ಉಡುಪಿಯವರಿಂದಲೂ ಆಗುತ್ತಿರಲಿಲ್ಲ. ಇಬ್ಬರೂ ಜರ್ಮನ್ನಿನಲ್ಲಿ ಮಾತಾಡಿದ್ದರೆ ಮೊದಲ ನಿಮಿಷವೇ ಲ್ಯಾಟಿನ್ ಬರುತ್ತಿತ್ತು. ಕನ್ನಡದಲ್ಲಿ ಮಾತಾಡಿದ್ದರಿಂದ ಇಬ್ಬರಿಗೂ ಅರ್ಥವಾಯಿತು, ಬೇರೆ ಬೇರೆ.

ಅವರ ಹೊನ್ನೆಯ ತೂಕ ಹಿಡಿದು ಮತ್ತೆ ಲೆಕ್ಕ ಹಾಕಿದೆ. ಹಲಗೆ ಮೇಲ್ಪದರ ಬಿಟ್ಟರೆ ಹೆಚ್ಚೇನೂ ಕೆಟ್ಟಿರಲಿಲ್ಲ. ಹಾಗಾದರೆ ಮುದುಕಿ ಮುಳುಗಿದ್ದು ಯಾಕೆ? ಅಂದು ಮಧ್ಯಾಹ್ನವೆಲ್ಲ ಹಲಗೆಯ ಹಿಂದೆ ಅಂಟಿದ್ದ ಓಕ್ ತುಂಡುಗಳ ಎದುರು ಕೂತೆ. ಎರಡೂ ಮುರಿದಿದ್ದು ಬೋಲ್ಟಿನ ತೂತುಗಳ ಗೆರೆಯಲ್ಲೇ. ತೂತುಗಳು ಕಪ್ಪಾಗಿ ದೊಡ್ಡದಾಗಿದ್ದವು, ಒಳಗೆ ಕಬ್ಬಿಣ ಇರಲಿಲ್ಲ. ಆ ಕಾಲದಲ್ಲಿ ಹುಳ ಕೊರೆಯದಂತೆ ಹಡಗಿನ ತಳಕ್ಕೆ ಹಿತ್ತಾಳೆಯಂಥ ಹಳದಿ ಲೋಹದ ತಗಡು ಹೊಡೆಸುತ್ತಿದ್ದರು. ಉಪ್ಪುನೀರಿನಲ್ಲಿ ಆ ತಗಡಿನ ಹತ್ತಿರ ಕಬ್ಬಿಣದ ಬೋಲ್ಟ್ ಇದ್ದರೆ ಮೆಲ್ಲಗೆ ಕರಗುತ್ತದೆ; ಓಕ್ ಮರದ ಹುಳಿಯೂ ಅದಕ್ಕೆ ಸೇರುತ್ತದೆ. ಇಲ್ಲಿ ಕಟ್ಟಿದವರು ಪಕ್ಕೆಲುಬಿನ ತುಂಡುಗಳನ್ನು ಕೂಡಿಸಿದ್ದು ಕಬ್ಬಿಣದಿಂದ. ನಮ್ಮ ಕರಾವಳಿಯ ಬಡಗಿಗಳು ಹೊನ್ನೆ ಹಲಗೆ ಕೂರಿಸಿದ್ದು ಹಳದಿ ಲೋಹದ ಬೋಲ್ಟಿನಿಂದ. ಅವು ಒಂದೂ ಅಲುಗಾಡಿರಲಿಲ್ಲ. ದಿಬ್ಬಕ್ಕೆ ಬಡಿದಾಗ ತೇಪೆ ಬಾಯಿ ಬಿಡಲಿಲ್ಲ, ಅದರ ಹಿಂದಿನ ಮೂಳೆ ಮುರಿಯಿತು. ಆ ಕಪ್ಪು ತೂತುಗಳನ್ನು ಒಂದೊಂದಾಗಿ ತೊಳೆದವಳು ನಾನು. ಅವನ್ನು ನೋಡಿಯೂ ಲೆಕ್ಕವನ್ನೇ ನಂಬಿದ್ದೆ.

ಮರುದಿನ ಬೆಳಿಗ್ಗೆ ಮುಖ್ಯಸ್ಥೆಗೆ ಹೇಳಬೇಕಾದ ಮಾತನ್ನು ದಾರಿಯುದ್ದಕ್ಕೂ ಜರ್ಮನ್ನಿನಲ್ಲಿ ಜೋಡಿಸಿಕೊಂಡೆ. ಮರದ ಜಾತಿಯನ್ನು ವೈಜ್ಞಾನಿಕ ಹೆಸರಿಲ್ಲದೆ ಫೋನಿನಲ್ಲಿ ತಿಳಿಸಲಾಗಿತ್ತು. ಯಾರು ತಿಳಿಸಿದರು ಎಂಬುದು ವಾಕ್ಯದಲ್ಲಿಲ್ಲ, ಆದರೆ ಎಲ್ಲರಿಗೂ ಗೊತ್ತು. ಜರ್ಮನ್ನಿನಲ್ಲಿ ಹೀಗೆ ಹೇಳುವುದು ಬಹಳ ಮರ್ಯಾದೆಯ ಕ್ರಮ. ಎರಡನೆಯ ವಾಕ್ಯ, ಆ ತಪ್ಪನ್ನು ಕಾರ್ಯಾಗಾರದಲ್ಲಿ ಸಕಾಲದಲ್ಲಿ ಗುರುತಿಸಲಾಯಿತು. ಅದನ್ನು ಹೇಳುವಾಗ ಸ್ವಲ್ಪ ತಲೆ ತಗ್ಗಿಸಬೇಕು ಎಂದೂ ಯೋಚಿಸಿದ್ದೆ.

ಬಾಗಿಲು ತೆರೆದರೆ ಡ್ರೆಸ್ಡೆನ್ನಿನವರು ಪರದೆಯ ಮೇಲೆ ಆಗಲೇ ಕೂತಿದ್ದರು. ಎಲ್ಲ ಹೇಳಿ ಮುಗಿಸಿದ್ದರು. ಲ್ಯಾಟಿನ್ ಹೇಳದೆ ಮನೆಮಾತಿನ ಹೆಸರು ಹೇಳಿದ್ದು ತನ್ನ ತಪ್ಪು, ಅದನ್ನು ಹಿಡಿದವರು ಅಕ್ಕ, ತೊಟ್ಟಿ ನಿಲ್ಲಿಸಿ ಹಲಗೆ ಉಳಿಸಿದವರೂ ಅವರೇ, ಉಪನ್ಯಾಸ ತಪ್ಪೆಂದು ಪತ್ರಿಕೆಗೆ ತಾನೇ ತಿಳಿಸುತ್ತೇನೆ, ಕೊನೆಯ ಗೋಡೆ ಬರೆಯುವ ಯೋಗ್ಯತೆ ಇರುವುದು ಅವರಿಗೆ. ನಮ್ಮ ಮುಖ್ಯಸ್ಥೆಯ ಕಣ್ಣು ಒದ್ದೆಯಾಗಿತ್ತು. ಇಷ್ಟು ಪ್ರಾಮಾಣಿಕ ವಿದ್ವಾಂಸರನ್ನು ತನ್ನ ಇಡೀ ಸೇವೆಯಲ್ಲಿ ನೋಡಿಲ್ಲ ಎಂದರು.

ತಪ್ಪಿನಲ್ಲಿ ಅರ್ಧ ನನ್ನದಿತ್ತು. ಅದನ್ನೂ ಅವರೇ ಎತ್ತಿಕೊಂಡು ಹೋಗಿಬಿಟ್ಟಿದ್ದರು. ದಾರಿಯಲ್ಲಿ ಕಟ್ಟಿಕೊಂಡು ಬಂದ ವಾಕ್ಯಗಳನ್ನು ಬಿಟ್ಟು, ಲ್ಯಾಟಿನ್ ಹೆಸರು ನಾನೂ ಕೇಳಲಿಲ್ಲ, ಕೇಳಬೇಕಾದವಳು ನಾನು ಎಂದು ನೇರವಾಗಿ ಹೇಳಿದೆ. ಮುಖ್ಯಸ್ಥೆ ನನ್ನ ಕೈ ಮುಟ್ಟಿ, ನೀನು ಯಾವಾಗಲೂ ಇಷ್ಟೇ ವಿನಯವಂತೆ ಎಂದು ಹೇಳಿ ಪರದೆಯ ಕಡೆ ತಿರುಗಿದರು.

ಗೋಡೆ ನನ್ನದಾಯಿತು. ಅವರು ಬಿಟ್ಟುಕೊಟ್ಟದ್ದು ಬೇಡ ಎಂದು ಹೇಳಬಹುದಿತ್ತು. ಹೇಳಲಿಲ್ಲ.

ಹಲಗೆ ತೆಳು ಪೆಗ್‌ನಲ್ಲಿ ಇಳಿಯಿತು. ಸಭಾಂಗಣ ತೆರೆಯುವುದು ಮುಂದಕ್ಕೆ ಹೋಯಿತು. ಒಣಗಿ ಬಂದಾಗ ಹಲಗೆಯಲ್ಲಿ ಒಂದು ಬಿರುಕಿರಲಿಲ್ಲ, ಬಣ್ಣ ಮಾತ್ರ ತುಸು ಗಾಢವಾಗಿತ್ತು. ಹಿಂದಿನ ಓಕ್ ತುಂಡುಗಳ ಜತೆಗೇ ಅದನ್ನು ಕೊನೆಯ ಗೋಡೆಯ ಎದುರು ನಿಲ್ಲಿಸಿದರು. ಗೋಡೆಯ ಬರಹವನ್ನು ನಾನು ಎಷ್ಟು ಸಲ ತಿದ್ದಿದೆ ಎಂಬುದಕ್ಕೆ ಲೆಕ್ಕವಿಲ್ಲ. ದಿಬ್ಬ, ಗಾಳಿ, ಬೋಲ್ಟು, ಮುರಿದ ಪಕ್ಕೆಲುಬು, ಬಿಡದೆ ಹಿಡಿದುಕೊಂಡ ಹಲಗೆ. ಕೆಳಗೆ ನನ್ನ ಪೂರ್ತಿ ಹೆಸರು. ಎರಡು ಹೊನ್ನೆಗಳ ಕಥೆಯನ್ನು ಪಕ್ಕದಲ್ಲಿ ಪುಟ್ಟ ಚೌಕದಲ್ಲಿ ಹಾಕಲೇಬೇಕೆಂದು ಮುಖ್ಯಸ್ಥೆ ಹಟ ಹಿಡಿದು ಹಾಕಿಸಿದರು. ಅದರಲ್ಲಿ ಡ್ರೆಸ್ಡೆನ್ನಿನವರ ಪ್ರಾಮಾಣಿಕತೆಯ ಬಗ್ಗೆ ಒಂದು ಸಾಲಿತ್ತು.

ತೆರೆದ ದಿನ ಅವರೂ ಬಂದಿದ್ದರು. ಮೊದಲು ನನ್ನ ಗೋಡೆಗೇ ಹೋಗಿ, ಕೈ ಹಿಂದೆ ಕಟ್ಟಿಕೊಂಡು ಪೂರ್ತಿ ಓದಿದರು. ತನಗೆ ಹೀಗೆ ಬರೆಯಲು ಬರುತ್ತಿರಲಿಲ್ಲ ಎಂದು ನನಗೆ ಹೇಳಿದರು. ನಿಜವಾಗಿ ಹಾಗೆಯೇ ಅನ್ನಿಸಿ ಹೇಳಿದ್ದು, ಮುಖ ನೋಡಿದರೆ ಗೊತ್ತಾಗುತ್ತಿತ್ತು. ಒಂದಿಷ್ಟು ಕಪಟವಾದರೂ ಇದ್ದಿದ್ದರೆ ನನಗೆ ಎಷ್ಟೋ ಹಗುರಾಗುತ್ತಿತ್ತು.

ಸ್ವಲ್ಪ ಹೊತ್ತಿನಲ್ಲಿ ಒಬ್ಬ ವೃದ್ಧರು ಬಂದರು. ಅವರ ಮುತ್ತಜ್ಜ ಇಂಥದೇ ಹಡಗುಗಳಲ್ಲಿ ಬಡಗಿಯಾಗಿದ್ದರಂತೆ. ಕನ್ನಡಕ ಮೇಲೆತ್ತಿ ಇಡೀ ಗೋಡೆಯನ್ನು ನಿಧಾನವಾಗಿ ಓದಿದರು. ಕೊನೆಗೆ ಕೆಳಗಿದ್ದ ಹೆಸರನ್ನು ತಡವರಿಸುತ್ತ ಗಟ್ಟಿಯಾಗಿ ಓದಿದರು. ನನ್ನ ಹೆಸರು ಅಷ್ಟು ಜನರ ನಡುವೆ ಹಾಗೆ ಕೇಳಿಸಿದ್ದು ಅದೇ ಮೊದಲು. ನಾನು ಒಂದು ಹೆಜ್ಜೆ ಮುಂದಿಟ್ಟೆ. ಹೆಂಗಸಿನ ಹೆಸರೋ ಗಂಡಸಿನದೋ ಅವರಿಗೆ ಹೇಗೆ ತಿಳಿಯಬೇಕು? ಸುತ್ತ ನೋಡಿ, ನೇರ ಡ್ರೆಸ್ಡೆನ್ನಿನವರ ಹತ್ತಿರ ಹೋಗಿ, ಎರಡೂ ಕೈಗಳಿಂದ ಅವರ ಕೈ ಹಿಡಿದುಕೊಂಡು, ಬಹಳ ಚೆನ್ನಾಗಿ ಬರೆದಿದ್ದೀರಿ, ಧನ್ಯವಾದ ಎಂದರು.

ಅವರು ನಕ್ಕು, ಅಜ್ಜನ ತೋಳು ಹಿಡಿದು ನನ್ನ ಹತ್ತಿರ ಕರೆತಂದು, ಬರೆದವರು ಇವರು, ನಾನಲ್ಲ ಎಂದರು. ವೃದ್ಧರು ನನ್ನನ್ನು ನೋಡಿದರು, ಮತ್ತೆ ಅವರ ಕಡೆ ನೋಡಿದರು. ಅವರು ತಲೆಯಾಡಿಸಿದ ಮೇಲೆಯೇ ನಂಬಿ ನನಗೆ ಕೈ ಕೊಟ್ಟರು.

ನಾನು ಕೈ ಕುಲುಕಿದೆ, ಧನ್ಯವಾದ ಹೇಳಿದೆ. ಹೊಟ್ಟೆ ಉರಿಯುತ್ತಲೇ ಇತ್ತು.